ಮನೆಯಲ್ಲಿ ಮಾಡಿದ ಸೈ-ಫೈ ಗನ್ನಿಗೆ ಯಾವ ಲೈಟ್ ಹಾಕೋದು?

ಪೈಪು, ಫೋಮ್ ಶೀಟು, ಹಳೇ ಶಾಂಪೂ ಬಾಟಲಿ, ಥ್ರೀಡಿ ಪ್ರಿಂಟು, ಯಾವುದರಿಂದ ಮಾಡಿದ್ದರೂ ಸರಿ, ಸೈನ್ಸ್ ಫಿಕ್ಷನ್ ಸಿನಿಮಾದಂಥ ಬಾಹ್ಯಾಕಾಶದ ಆಟಿಕೆ ಗನ್ ಅಂದಮೇಲೆ ಅದು ಎಲ್ಲೋ ಒಂದು ಕಡೆ ಹೊಳೆಯಲೇಬೇಕು, ಅಲ್ವಾ? ಗನ್ನಿನ ಮೈ ಕಟ್ಟುವುದರಲ್ಲಿ ಪಳಗಿದವರೂ ಇಲ್ಲಿಗೆ ಬಂದು ಒದ್ದಾಡುತ್ತಾರೆ. ಆಯ್ಕೆಗಳು ಕಡಿಮೆ ಅಂತಲ್ಲ, ಜಾಸ್ತಿ ಆಗಿವೆ. ಸಾದಾ ಎಲ್‌ಇಡಿ, ಬ್ಯಾಟರಿಯ ಸೀರಿಯಲ್ ಲೈಟು, ಎಲ್‌ಇಡಿ ಸ್ಟ್ರಿಪ್, ಪಿಕ್ಸೆಲ್ ಸ್ಟ್ರಿಪ್, ಇಎಲ್ ವೈರ್, ಬಗ್ಗುವ ಫಿಲಮೆಂಟ್, ಕತ್ತಲಲ್ಲಿ ಹೊಳೆಯುವ ಪೇಂಟ್. ಒಬ್ಬರು ಹೊಗಳಿದ್ದನ್ನೇ ಇನ್ನೊಬ್ಬರು ಬೈಯುತ್ತಾರೆ. ಇಬ್ಬರು ಹೇಳುವುದೂ ಸರಿಯೇ ಇರುತ್ತದೆ, ಯಾಕೆಂದರೆ ಇಬ್ಬರ ಗನ್ನೂ ಬೇರೆ.

ಹಾಗಾಗಿ ಮೊದಲೇ ಲೈಟ್ ಆರಿಸಲು ಹೋಗಬೇಡಿ. ಗನ್ನಿನ ಮೇಲೆ ಬೆಳಕು ಯಾವ ಆಕಾರದಲ್ಲಿ ಕಾಣಬೇಕು, ಬ್ಯಾಟರಿ ಎಲ್ಲಿ ಕೂರುತ್ತದೆ, ಈ ಎರಡನ್ನು ಮೊದಲು ನೋಡಿ. ಯಾವ ಲೈಟ್ ಅನ್ನುವುದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ಏನೇನು ನೋಡಬೇಕು

ಬೆಳಕಿನ ಆಕಾರ ಅಂದರೆ ಇಷ್ಟೇ: ಚುಕ್ಕೆಯೋ, ಗೆರೆಯೋ, ಇಡೀ ಒಂದು ಭಾಗವೋ. ನಳಿಕೆಯ ತುದಿಯಲ್ಲಿ ಒಂದು ಕೆಂಪು ಕಣ್ಣು ಸಾಕೇ, ಪಕ್ಕದಲ್ಲಿ ಉದ್ದಕ್ಕೆ ನೀಲಿ ಗೆರೆ ಬೇಕೇ, ಅಥವಾ ಮಧ್ಯದ ಸಿಲಿಂಡರ್ ಪೂರ್ತಿ ಒಳಗಿಂದ ಹೊಳೆಯಬೇಕೇ? ಜೊತೆಗೆ ಬೆಳಕು ಸುಮ್ನೆ ಉರಿದರೆ ಸಾಕೇ, ಟ್ರಿಗರ್ ಒತ್ತಿದಾಗ ಹಿಂದಿನಿಂದ ಮುಂದಕ್ಕೆ ಓಡಬೇಕೇ? ಈ ಓಡುವ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕೆ ತೆರಬೇಕಾದ ಬೆಲೆಯನ್ನು ಕೆಳಗೆ ನೋಡೋಣ.

ಎರಡನೆಯದು, ಎಲ್ಲಿ ನೋಡುತ್ತಾರೆ? ಕತ್ತಲೆಯ ಸ್ಟೇಜಿನಲ್ಲಿ ಮಂಕು ಬೆಳಕೂ ಭರ್ಜರಿಯಾಗಿ ಕಾಣುತ್ತದೆ. ಅದೇ ಬೆಳಕು ಲೈಟ್ ಹಾಕಿದ ದೊಡ್ಡ ಹಾಲ್‌ನಲ್ಲಿ ಇದ್ದೂ ಇಲ್ಲದಂತೆ. ಬಿಸಿಲಲ್ಲಂತೂ ಕೇಳಲೇಬೇಡಿ. ಫೋಟೋಗೆ ಅಂತ ಮಾಡುತ್ತಿದ್ದರೆ ಲೆಕ್ಕ ಉಲ್ಟಾ: ತೀರ ಪ್ರಖರವಾದ ಎಲ್‌ಇಡಿ ಕ್ಯಾಮೆರಾದಲ್ಲಿ ಬಣ್ಣ ಕಳೆದುಕೊಂಡು ಬಿಳಿ ಮಚ್ಚೆಯಾಗಿ ಬರುತ್ತದೆ.

ಮೂರನೆಯದು ಬ್ಯಾಟರಿ. ಅದಕ್ಕೆ ಜಾಗ ಎಲ್ಲಿ, ಎಷ್ಟು ಹೊತ್ತು ಉರಿಯಬೇಕು, ಗನ್ ಒಡೆಯದೆ ಸೆಲ್ ಬದಲಿಸಬಹುದೇ.

ನಾಲ್ಕನೆಯದು ನಿಮ್ಮ ಕೈ. ಸೋಲ್ಡರಿಂಗ್ (ಲೋಹ ಕರಗಿಸಿ ವೈರ್ ಬೆಸೆಯುವುದು) ಬರುತ್ತದೆಯೇ, ಅಥವಾ ಕಲಿಯುವ ಮನಸ್ಸಿದೆಯೇ? ಕೋಡ್ ಮುಟ್ಟುತ್ತೀರಾ? ಇಲ್ಲ ಅಂದರೂ ನಾಚಿಕೆ ಬೇಡ, ಆ ಎರಡೂ ಇಲ್ಲದೆ ಚೆನ್ನಾಗಿ ಹೊಳೆಯುವ ಗನ್ ಮಾಡಬಹುದು. ದುಡ್ಡನ್ನು ನಾನು ಕೊನೆಗಿಡುತ್ತೇನೆ. ಸಾಮಾನ್ಯವಾಗಿ ಇಲ್ಲಿ ಲೈಟಿಗಿಂತ ಅದನ್ನು ಉರಿಸುವ ಸಾಮಾನಿಗೇ ಜಾಸ್ತಿ ಖರ್ಚು.

ಸಾದಾ ಎಲ್‌ಇಡಿ

5 ಮಿ.ಮೀ. ಅಥವಾ 3 ಮಿ.ಮೀ. ದಪ್ಪದ, ಎರಡು ಕಾಲಿನ ಬಲ್ಬು. ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಗಟ್ಟಿ. ಚುಕ್ಕೆ ಬೆಳಕು ಬೇಕಾದ ಕಡೆ ಇದನ್ನು ಬಿಟ್ಟು ಬೇರೆ ಯೋಚನೆ ಮಾಡುವುದೇ ಬೇಡ. ಉದ್ದನೆಯ ಕಾಲು ಪ್ಲಸ್, ಗಿಡ್ಡ ಕಾಲು ಮೈನಸ್. ಉಲ್ಟಾ ಹಾಕಿದರೆ ಉರಿಯುವುದಿಲ್ಲ.

ಹೊಸಬರು ಎಡವುವುದು ರೆಸಿಸ್ಟರ್ ಹತ್ತಿರ, ಅಂದರೆ ಕರೆಂಟನ್ನು ಹದದಲ್ಲಿಡುವ ಪುಟ್ಟ ಬಿಡಿಭಾಗದ ಹತ್ತಿರ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಬೇಕು, ನೀಲಿ ಮತ್ತು ಬಿಳಿಗೆ 3ರಿಂದ 3.4. ಬ್ಯಾಟರಿಯ ವೋಲ್ಟೇಜಿನಿಂದ ಇದನ್ನು ಕಳೆಯಿರಿ, ಉಳಿದದ್ದನ್ನು 0.02ರಿಂದ (ಒಂದು ಬಲ್ಬಿಗೆ ಕೊಡುವ ಕರೆಂಟ್, ಆಂಪ್‌ಗಳಲ್ಲಿ) ಭಾಗಿಸಿ. ಮೂರು ಪೆನ್ಸಿಲ್ ಸೆಲ್ ಅಂದರೆ 4.5 ವೋಲ್ಟ್. ಕೆಂಪಾದರೆ 2.5 ಉಳಿಯಿತು, ಭಾಗಿಸಿದರೆ 125, ಅಂಗಡಿಯಲ್ಲಿ ಸಿಗುವುದು 150 ಓಮ್, ಅದನ್ನೇ ಹಾಕಿ. ನೀಲಿಗೆ 3.2 ಅಂತ ಹಿಡಿದರೆ 1.3 ಉಳಿಯಿತು, 65 ಬಂತು, 68 ಓಮ್ ಹಾಕಿ. ಇಷ್ಟೇ ಗಣಿತ.

ಒಂದು ಸೂಕ್ಷ್ಮ ಇದೆ. ಸೆಲ್‌ಗಳು ಸವೆದು ಒಟ್ಟು 3.6 ವೋಲ್ಟ್‌ಗೆ ಇಳಿದಾಗ ನೀಲಿಗೆ ಉಳಿಯುವುದು ಬರೀ 0.4, ಹಾಗಾಗಿ ಅದು ಬೇಗ ಮಂಕಾಗುತ್ತದೆ. ಕೆಂಪು ಆಗಲೂ ಚೆನ್ನಾಗೇ ಉರಿಯುತ್ತಿರುತ್ತದೆ. ರಾತ್ರಿಯಿಡೀ ಒಂದೇ ಥರ ಉರಿಯಬೇಕು, ಸೆಲ್ ಬದಲಿಸುವ ತಂಟೆ ಬೇಡ ಅನ್ನುವವರು ಕೆಂಪು ಅಥವಾ ಕಿತ್ತಳೆ ಬಣ್ಣ ಆರಿಸಿಕೊಳ್ಳುವುದು ಜಾಣತನ. ಇನ್ನೊಂದು, ನಾಲ್ಕು ಎಲ್‌ಇಡಿಗೆ ಸೇರಿಸಿ ಒಂದೇ ರೆಸಿಸ್ಟರ್ ಹಾಕಿ ಉಳಿತಾಯ ಮಾಡಬೇಡಿ. ಕೆಂಪು ಮತ್ತು ನೀಲಿಯನ್ನು ಹಾಗೆ ಪಕ್ಕಪಕ್ಕ ಜೋಡಿಸಿದರೆ ಕರೆಂಟೆಲ್ಲ ಕೆಂಪಿಗೇ ಹೋಗಿ ನೀಲಿ ಹೊತ್ತುವುದೇ ಇಲ್ಲ. ಒಂದೊಂದಕ್ಕೂ ಅದರದ್ದೇ ರೆಸಿಸ್ಟರ್ ಇರಲಿ.

ಇದರ ದೊಡ್ಡ ಕೊರತೆ ಅಂದರೆ ಬೆಳಕು ಟಾರ್ಚ್ ಥರ ನೇರ ಮುಂದಕ್ಕೆ ಹೋಗುವುದು. ಪಾರದರ್ಶಕ ತಲೆಯ ಎಲ್‌ಇಡಿಯನ್ನು ಪಕ್ಕದಿಂದ ನೋಡಿದರೆ ಉರಿಯುತ್ತಿದೆಯೋ ಇಲ್ಲವೋ ಅಂತ ಅನುಮಾನ ಬರುತ್ತದೆ. ಇದಕ್ಕೆ ಮದ್ದು ಸುಲಭ. 400 ನಂಬರಿನ ಸ್ಯಾಂಡ್ ಪೇಪರ್ ಚೂರನ್ನು ಬೆರಳಿಗೆ ಸುತ್ತಿಕೊಂಡು ಎಲ್‌ಇಡಿಯ ತಲೆಯನ್ನು ತಿರುಗಿಸುತ್ತಾ ಉಜ್ಜಿ. ಮೊದಲು ಗೀರು ಬೀಳುತ್ತದೆ, ಆಮೇಲೆ ಗೀರೆಲ್ಲ ಸೇರಿಕೊಂಡು ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ಈಗ ಹೊತ್ತಿಸಿ ನೋಡಿ, ಬೆಳಕು ಬುಡದವರೆಗೂ ಹರಡಿ ಇಡೀ ಬಲ್ಬು ಉರಿಯುವ ಥರ ಕಾಣುತ್ತದೆ.

ಬೆಳಕು ನಡುಗಬೇಕು, ಆದರೆ ಕೋಡ್ ಬೇಡ ಅನ್ನುವವರಿಗೆ ಫ್ಲಿಕರ್ ಎಲ್‌ಇಡಿ ಸಿಗುತ್ತದೆ, ನಕಲಿ ಮೇಣದಬತ್ತಿಯಲ್ಲಿ ಇರುವಂಥದ್ದು. ಮಿನುಗುವ ಚಿಪ್ ಅದರ ಹೊಟ್ಟೆಯಲ್ಲೇ ಇರುತ್ತದೆ. ಒಂದು ಫ್ಲಿಕರ್, ಪಕ್ಕದಲ್ಲಿ ಒಂದು ಸಾದಾ, ಎರಡರ ಮುಂದೆ ಹಾಲುಬಣ್ಣದ ಪ್ಲಾಸ್ಟಿಕ್ ಇಟ್ಟರೆ ಪ್ಲಾಸ್ಮಾ ಕುದಿಯುವ ಹಾಗೆ ಕಾಣುತ್ತದೆ. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಚೆಂದ ಕಾಣುವುದು ಬೇರೊಂದಿಲ್ಲ.

ಬ್ಯಾಟರಿಯ ಸೀರಿಯಲ್ ಲೈಟು

ತೆಳ್ಳನೆಯ ತಾಮ್ರದ ತಂತಿಯಲ್ಲಿ ಸಣ್ಣ ಸಣ್ಣ ಎಲ್‌ಇಡಿ, ತುದಿಯಲ್ಲಿ ಸ್ವಿಚ್ ಇರುವ ಸೆಲ್ ಡಬ್ಬಿ. ಸೋಲ್ಡರ್ ಬೇಡ, ಲೆಕ್ಕ ಬೇಡ. ತುಂಬಬೇಕಾದ ಜಾಗಕ್ಕೆ ತುರುಕಿ, ಮುಂದೆ ಬಟರ್ ಪೇಪರ್ ಇಡಿ, ಮುಗಿಯಿತು. ಸಿಲಿಂಡರ್ ಅಥವಾ ಬಾಟಲಿಯೊಳಗೆ ತುಂಬುವ ಬೆಳಕಿಗೆ ಇದು ತುಂಬಾ ಚೆನ್ನಾಗಿ ಒಪ್ಪುತ್ತದೆ. ನೇರವಾದ ಗೆರೆಗೆ ಮಾತ್ರ ಬೇಡವೇ ಬೇಡ, ಚುಕ್ಕೆ ಚುಕ್ಕೆಯಾಗಿ ಹಬ್ಬದ ಅಲಂಕಾರದ ಥರ ಕಾಣುತ್ತದೆ.

ಬಟನ್ ಸೆಲ್‌ನ ಡಬ್ಬಿ ಬರುವ ಸೆಟ್ ಪುಟ್ಟದಾಗಿ ಇರುತ್ತದೆ, ಆದರೆ ಆ ಸೆಲ್ ಹೆಚ್ಚು ಕರೆಂಟ್ ಕೊಡುವ ಜಾತಿಯದ್ದಲ್ಲ, ಬೇಗ ಮಂಕಾಗುತ್ತದೆ. ಜಾಗ ಇದ್ದರೆ ಪೆನ್ಸಿಲ್ ಸೆಲ್‌ನ ಡಬ್ಬಿಯೇ ತೆಗೆದುಕೊಳ್ಳಿ. ಮಕ್ಕಳ ಕೈಗೆ ಹೋಗುವ ಗನ್ ಆದರೆ ಬಟನ್ ಸೆಲ್ ಇರುವ ಡಬ್ಬಿಗೆ ಸ್ಕ್ರೂ ಇರಲೇಬೇಕು. ನುಂಗಿದ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಟ್ಟ ಗಾಯ ಮಾಡಬಲ್ಲದು. ಇದರಲ್ಲಿ ರಾಜಿ ಬೇಡ.

ಸ್ಟ್ರಿಪ್, ಮತ್ತು ಸಿಒಬಿ ಸ್ಟ್ರಿಪ್

ಗೆರೆ ಬೇಕಾದಾಗ ಎಲ್ಲರ ಕೈ ಮೊದಲು ಹೋಗುವುದು 12 ವೋಲ್ಟಿನ ಸ್ಟ್ರಿಪ್ಪಿಗೆ. ಮೀಟರಿಗೆ 60 ಎಲ್‌ಇಡಿ ಇರುವ ಸ್ಟ್ರಿಪ್ ಅನ್ನು ಮೂರು ಎಲ್‌ಇಡಿಗೊಮ್ಮೆ, ಅಂದರೆ 5 ಸೆಂ.ಮೀ.ಗೊಮ್ಮೆ ಕತ್ತರಿಸಬಹುದು. ತಾಮ್ರದ ಬೊಟ್ಟುಗಳ ಮಧ್ಯೆ ಗೆರೆ ಇರುತ್ತದೆ, ಸರಿಯಾಗಿ ಅದರ ಮೇಲೇ ಕತ್ತರಿ ಇಡಿ. ಬೊಟ್ಟು ಅರ್ಧ ಉಳಿದರೂ ವೈರ್ ಬೆಸೆಯಬಹುದು, ಪೂರ್ತಿ ಹೋದರೆ ಆ ತುಂಡು ದಂಡ.

ತೊಂದರೆ ಇರುವುದು ಆ 12 ವೋಲ್ಟಿನಲ್ಲೇ. 5050 ಅನ್ನುವ ದೊಡ್ಡ ಎಲ್‌ಇಡಿಯ ಸ್ಟ್ರಿಪ್ ಮೀಟರಿಗೆ ಸುಮಾರು 14 ವಾಟ್ ತಿನ್ನುತ್ತದೆ. ಅರ್ಧ ಮೀಟರ್ ಹಾಕಿದರೂ 0.6 ಆಂಪ್. ರಿಮೋಟಿನಲ್ಲಿ ಬಳಸುವ ಪುಟ್ಟ 12 ವೋಲ್ಟ್ ಸೆಲ್‌ಗೆ ಇದು ಸಾಧ್ಯವೇ ಇಲ್ಲ, ಎಂಟು ಪೆನ್ಸಿಲ್ ಸೆಲ್ ಹೊತ್ತುಕೊಳ್ಳಬೇಕು. ಭುಜದ ಮೇಲಿಡುವ ತೋಪಿನಂಥ ಗನ್ ಆದರೆ ಸರಿ, ಪಿಸ್ತೂಲಿಗೆ ಆಗದು.

ಹಾಗಾಗಿ ಗೆರೆಗೆ ನಾನು ಹೇಳುವುದು 5 ವೋಲ್ಟಿನ ಸಿಒಬಿ ಸ್ಟ್ರಿಪ್. ಇದರಲ್ಲಿ ಮೀಟರಿಗೆ ನೂರಾರು ಸಣ್ಣ ಚಿಪ್‌ಗಳನ್ನು ಒತ್ತೊತ್ತಾಗಿ ಕೂರಿಸಿ ಮೇಲೆ ಒಂದೇ ಪದರ ಎಳೆದಿರುತ್ತಾರೆ, ಚುಕ್ಕೆ ಕಾಣುವುದಿಲ್ಲ, ನಿಯಾನ್ ಟ್ಯೂಬಿನಂತೆ ಅಖಂಡ ಗೆರೆ. ಮುಂದೆ ಏನನ್ನೂ ಇಡದಿದ್ದರೂ ನಡೆಯುತ್ತದೆ, ಪವರ್ ಬ್ಯಾಂಕಿನಿಂದಲೂ ಉರಿಯುತ್ತದೆ. ಸಾದಾ ಸ್ಟ್ರಿಪ್ಪಿಗಿಂತ ಬೆಲೆ ಸ್ವಲ್ಪ ಜಾಸ್ತಿ, ಸ್ವಲ್ಪ ಬಿಸಿಯೂ ಆಗುತ್ತದೆ. ಫೋಮಿನೊಳಗೆ ಪೂರ್ತಿ ಹೂತಿಟ್ಟರೆ ಬಿಸಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಹಿಂದೆ ಒಂದು ತೆಳು ಅಲ್ಯೂಮಿನಿಯಂ ಪಟ್ಟಿ ಕೊಡಿ.

ಇದೇ ಕುಲದ ಇನ್ನೊಂದು ವಸ್ತು ಬಗ್ಗುವ ಎಲ್‌ಇಡಿ ಫಿಲಮೆಂಟ್. ಹಳೇ ಕಾಲದ ಬಲ್ಬಿನ ಶೈಲಿಯ ಎಲ್‌ಇಡಿ ಬಲ್ಬುಗಳಲ್ಲಿ ಕಾಣುವ ಹಳದಿ ಕಡ್ಡಿ, ರಬ್ಬರಿನಂಥ ಹೊದಿಕೆಯಲ್ಲಿ. 3 ವೋಲ್ಟಿನದು ಸಿಗುತ್ತದೆ. ತೆಳ್ಳಗಿರುವುದರಿಂದ ಪಾರದರ್ಶಕ ಕೊಳವೆಯೊಳಗೆ ಸುರುಳಿ ಸುತ್ತಿ ಇಟ್ಟರೆ ಕಣ್ಣು ತೆಗೆಯಲು ಮನಸ್ಸಾಗುವುದಿಲ್ಲ. ಆದರೆ ಅದನ್ನು ಮಡಚಬಾರದು, ತಿರುಚಬಾರದು, ಒಳಗಿನ ಚಿಪ್ ಕಿತ್ತರೆ ರಿಪೇರಿ ಇಲ್ಲ. ಕೈಯಿಂದ ಕೈಗೆ ಹೋಗುವ ಗನ್ನಿಗಿಂತ ಶೋಕೇಸಿನ ಗನ್ನಿಗೆ ಇದು ಒಳ್ಳೆಯದು.

ಪಿಕ್ಸೆಲ್ ಸ್ಟ್ರಿಪ್

ಬೆಳಕು ಓಡಬೇಕು, ತುಂಬಿಕೊಳ್ಳಬೇಕು, ಗುಂಡು ಹಾರಿದ ಹಾಗೆ ಚಿಮ್ಮಬೇಕು ಅಂದರೆ ಇದೇ ದಾರಿ. ಡಬ್ಲ್ಯೂಎಸ್2812ಬಿ ಅನ್ನುವ ಚಿಪ್‌ನದು ಎಲ್ಲೆಡೆ ಬಳಕೆಯಲ್ಲಿದೆ. ಒಂದೊಂದು ಎಲ್‌ಇಡಿಗೂ ಒಂದೊಂದು ಬಣ್ಣ ಹೇಳಬಹುದು. ಹೇಳುವುದಕ್ಕೆ ಒಂದು ಪುಟ್ಟ ಬೋರ್ಡ್ ಬೇಕು, ಆರ್ಡುಯಿನೋ ನ್ಯಾನೋ ಸಾಕು. ಫಾಸ್ಟ್‌ಎಲ್‌ಇಡಿ ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಸಂಗ್ರಹ) ಜೊತೆ ಬರುವ ಉದಾಹರಣೆ ಕೋಡುಗಳನ್ನೇ ತಿದ್ದಿಕೊಂಡು ಕೆಲಸ ಮುಗಿಸುವವರೇ ಜಾಸ್ತಿ. ಕೋಡ್ ಮುಟ್ಟುವುದೇ ಇಲ್ಲ ಅನ್ನುವವರು ಇಎಸ್‌ಪಿ32 ಬೋರ್ಡಿಗೆ ಡಬ್ಲ್ಯೂಎಲ್‌ಇಡಿ ಸಾಫ್ಟ್‌ವೇರ್ ಹಾಕಿದರೆ ಫೋನಿನಿಂದಲೇ ನೂರಕ್ಕೂ ಹೆಚ್ಚು ಎಫೆಕ್ಟ್ ಆಡಿಸಬಹುದು.

ಕರೆಂಟಿನ ಲೆಕ್ಕ ನೋಡಿ. ಪೂರ್ತಿ ಬಿಳಿಯಲ್ಲಿ ಉರಿಸಿದರೆ ಒಂದು ಪಿಕ್ಸೆಲ್ ಸುಮಾರು 60 ಮಿಲಿಆಂಪ್ ಎಳೆಯುತ್ತದೆ. 20 ಪಿಕ್ಸೆಲ್ ಅಂದರೆ 1.2 ಆಂಪ್. ಇದನ್ನು ಓದಿ ಹಲವರು ಹೆದರಿ ದೊಡ್ಡ ಬ್ಯಾಟರಿ ಹುಡುಕುತ್ತಾರೆ. ಆದರೆ ಬರೀ ನೀಲಿ, ಅದೂ ಕಾಲು ಭಾಗ ಪ್ರಖರತೆಯಲ್ಲಿ ಉರಿಸಿದರೆ ಅದೇ 20 ಪಿಕ್ಸೆಲ್‌ಗೆ ಸುಮಾರು 120 ಮಿಲಿಆಂಪ್ ಸಾಕು. ಗನ್ನಿಗೆ ಅದಕ್ಕಿಂತ ಜಾಸ್ತಿ ಬೇಕಾಗುವುದೂ ಅಪರೂಪ. ಇದು 5 ವೋಲ್ಟಿನ ವಸ್ತು, ಮೂರು ಮಾಮೂಲಿ ಪೆನ್ಸಿಲ್ ಸೆಲ್ ಅಥವಾ ನಾಲ್ಕು ರೀಚಾರ್ಜ್ ಸೆಲ್ ಹಾಕಬಹುದು. ನಾಲ್ಕು ಮಾಮೂಲಿ ಸೆಲ್ ಬೇಡ, ಹೊಸದರಲ್ಲಿ 6 ವೋಲ್ಟ್ ದಾಟುತ್ತದೆ.

ಸ್ಟ್ರಿಪ್ ಮೇಲೆ ಬಾಣದ ಗುರುತು ಇರುತ್ತದೆ, ಡೇಟಾ ವೈರ್ (ಬೋರ್ಡಿನಿಂದ ಬಣ್ಣದ ಸಂಕೇತ ತರುವ ವೈರ್) ಬಾಣ ಶುರುವಾಗುವ ಕಡೆಯಿಂದಲೇ ಹೋಗಬೇಕು. ಹೊಸಬರ ಸ್ಟ್ರಿಪ್ ಉರಿಯಲಿಲ್ಲ ಅಂದರೆ ಮೊದಲು ನೋಡಬೇಕಾದ್ದು ಇದನ್ನೇ. ಡೇಟಾ ವೈರಿಗೆ 300ರಿಂದ 500 ಓಮ್ ರೆಸಿಸ್ಟರ್, ಪ್ಲಸ್ ಮೈನಸ್ ಮಧ್ಯೆ ಒಂದು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ (ಕರೆಂಟಿನ ಏರಿಳಿತ ತಗ್ಗಿಸುವ ಬಿಡಿಭಾಗ) ಹಾಕಿ, ಬೋರ್ಡಿನ ಗ್ರೌಂಡನ್ನು (ಅಂದರೆ ಮೈನಸ್ಸನ್ನು) ಸ್ಟ್ರಿಪ್ಪಿನ ಗ್ರೌಂಡಿಗೆ ಸೇರಿಸಿ.

ಇದು ತೆಗೆದುಕೊಳ್ಳುವ ಬೆಲೆ ಸಮಯದ್ದು. ಮೂರು ವೈರಿನ ಬೆಸುಗೆ, ಬೋರ್ಡಿಗೆ ಜಾಗ, ಟ್ರಿಗರ್ ಸ್ವಿಚ್, ಕೋಡ್, ಒಂದು ಕಡೆ ಬೆಸುಗೆ ಬಿಟ್ಟರೆ ಅಲ್ಲಿಂದ ಮುಂದಿನ ಪಿಕ್ಸೆಲ್ಲೆಲ್ಲ ಕತ್ತಲು. ನಾಳಿದ್ದು ಕಾರ್ಯಕ್ರಮ ಇದೆ, ಇವತ್ತು ಶುರು ಮಾಡುತ್ತೀನಿ ಅನ್ನುವವರಿಗೆ ಇದು ಬೇಡ.

ಇಎಲ್ ವೈರ್

ಸುಮ್ನೆ ನೋಡಿದರೆ ಬಣ್ಣದ ಪ್ಲಾಸ್ಟಿಕ್ ದಾರ. ಒಳಗಿನ ತಾಮ್ರದ ತಂತಿಗೆ ಫಾಸ್ಫರ್ ಅನ್ನುವ ಹೊಳೆಯುವ ವಸ್ತುವಿನ ಲೇಪ ಇರುತ್ತದೆ, ಬ್ಯಾಟರಿಯಿಂದ ನಡೆಯುವ ಪುಟ್ಟ ಇನ್ವರ್ಟರ್ ಡಬ್ಬಿ ಅದಕ್ಕೆ ಸುಮಾರು 100 ವೋಲ್ಟಿನ ಎಸಿ ಕೊಟ್ಟಾಗ ಉದ್ದಕ್ಕೂ ಒಂದೇ ಸಮ ಹೊಳೆಯುತ್ತದೆ. ಮೂಲೆ ಮೂಲೆಗೂ ಬಗ್ಗಿಸಿ ಅಂಟಿಸಬಹುದು, ಬಿಸಿಯಾಗುವುದಿಲ್ಲ, ಸೋಲ್ಡರ್ ಬೇಡ. ಕತ್ತಲಲ್ಲಿ ಗನ್ನಿನ ಅಂಚಿಗೆ ಗೆರೆ ಎಳೆದರೆ ಅದರ ಅಂದವೇ ಬೇರೆ.

ಬೆಳಕಿರುವ ಕಡೆ ಮಾತ್ರ ಅದು ಮತ್ತೆ ಪ್ಲಾಸ್ಟಿಕ್ ದಾರ. ಇನ್ವರ್ಟರ್ ಕೀಂ ಅಂತ ಸದ್ದು ಮಾಡುತ್ತದೆ, ಕೆಲವರಿಗೆ ಅದು ಗನ್ನಿನ ಸದ್ದಿನಂತೆಯೇ ಇಷ್ಟವಾಗುತ್ತದೆ, ಕೆಲವರಿಗೆ ತಲೆನೋವು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿದರೆ ಒಳಗೆ ತುಂಡಾಗುತ್ತದೆ. ಕತ್ತರಿಸಿದ ತುದಿಯನ್ನು ಹಾಗೇ ಬಿಡಬೇಡಿ, ಮುಟ್ಟಿದರೆ ಚುರ್ ಅನ್ನುತ್ತದೆ. ಹಾಟ್ ಗ್ಲೂ ಹಾಕಿ ಮುಚ್ಚಿ. ವೈರ್ ಜೋಡಿಸದೆ ಇನ್ವರ್ಟರ್ ಆನ್ ಮಾಡಿದರೆ ಅದು ಕೆಡಬಹುದು. ಸಿಒಬಿ ಬಂದಮೇಲೆ ನಾನು ಇಎಲ್ ವೈರನ್ನು ಕತ್ತಲೆಯ ಸ್ಟೇಜಿಗೆ, ಅದೂ ವಕ್ರವಾದ ಅಂಚುಗಳಿಗೆ ಮಾತ್ರ ಹೇಳುತ್ತೇನೆ.

ಬ್ಯಾಟರಿಯೇ ಬೇಡ ಅಂದರೆ

ಸ್ಟ್ರಾನ್ಷಿಯಂ ಅಲ್ಯೂಮಿನೇಟ್ ಇರುವ ಪೇಂಟ್ ಬೆಳಕು ಕುಡಿದು ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತದೆ. ಮೊದಲ ಕೆಲವು ನಿಮಿಷ ಚೆನ್ನಾಗಿರುತ್ತದೆ, ಆಮೇಲೆ ಇಳಿಯುತ್ತಾ ಹೋಗುತ್ತದೆ. ಚಿಕ್ಕ ಮಕ್ಕಳ ಗನ್ನಿಗೆ, ಗೋಡೆಗೆ ತೂಗುಹಾಕುವ ಗನ್ನಿಗೆ ಸಾಕು. ಉಳಿದವರು ಇದನ್ನು ಎಲ್‌ಇಡಿಯ ಜೊತೆಗೆ ಮೆರುಗಾಗಿ ಬಳಸಲಿ.

ಲೈಟಿನ ಮುಂದೆ ಏನಿದೆ

ಯಾವ ಲೈಟ್ ಆರಿಸಿದರೂ ಚೆಂದ ಬರುವುದು ಅದರ ಮುಂದೆ ಇಡುವ ವಸ್ತುವಿನಿಂದ. ದುಬಾರಿ ಪಿಕ್ಸೆಲ್ ಸ್ಟ್ರಿಪ್ ಬರಿಗಣ್ಣಿಗೆ ಹಾಗೇ ಕಂಡರೆ ಅಗ್ಗದ ಆಟಿಕೆಯಂತೆ ಇರುತ್ತದೆ, ಎರಡು ಸಾದಾ ಎಲ್‌ಇಡಿ ಒಳ್ಳೆಯ ಪರದೆಯ ಹಿಂದೆ ಇದ್ದರೆ ಸಿನಿಮಾದ ಗನ್ ಥರ ಕಾಣುತ್ತದೆ. ಬಜೆಟ್ ಕಡಿಮೆ ಇದ್ದರೆ ಲೈಟಿನಲ್ಲಿ ಉಳಿಸಿ, ಇದಕ್ಕೆ ಹೊತ್ತು ಕೊಡಿ.

ಗ್ಲೂ ಗನ್ನಿಗೆ ಹಾಕುವ ಕಡ್ಡಿ ಒಂದನ್ನು ತೆಗೆದು ಅದರ ಬುಡಕ್ಕೆ ಉರಿಯುವ ನೀಲಿ ಎಲ್‌ಇಡಿ ಒತ್ತಿ ಹಿಡಿಯಿರಿ. ಕಡ್ಡಿಯ ಉದ್ದಕ್ಕೂ ಬೆಳಕು ಹತ್ತುತ್ತದೆ, ಬುಡದಲ್ಲಿ ಜೋರು, ತುದಿಯಲ್ಲಿ ಮೆದು. ಎರಡೂ ತುದಿಗೆ ಒಂದೊಂದು ಎಲ್‌ಇಡಿ ಕೊಟ್ಟರೆ ಹೆಚ್ಚುಕಡಿಮೆ ಸಮ. ಇಂಥ ನಾಲ್ಕು ಕಡ್ಡಿಯನ್ನು ಗನ್ನಿನ ಪಕ್ಕದಲ್ಲಿ ಸಾಲಾಗಿ ಕೂರಿಸಿದರೆ ಶಕ್ತಿಯ ಟ್ಯೂಬುಗಳು ಸಿದ್ಧ.

ಅಕ್ರಿಲಿಕ್ ಶೀಟಿನ ಅಂಚಿಗೆ ಬೆಳಕು ಕೊಟ್ಟರೆ ಅದು ಹಾಳೆಯೊಳಗೇ ಪುಟಿಯುತ್ತಾ ಸಾಗುತ್ತದೆ, ಮೇಲ್ಮೈಯಲ್ಲಿ ಗೀರು ಇರುವ ಕಡೆ ಮಾತ್ರ ಹೊರಗೆ ಬರುತ್ತದೆ. ಚೂಪಾದ ಮೊಳೆಯಿಂದ ಗುರಿ ನೋಡುವ ವೃತ್ತ, ಅಡ್ಡಗೆರೆ ಗೀಚಿದರೆ ಗಾಳಿಯಲ್ಲಿ ತೇಲುವ ಗುರುತಿನ ಹಾಗೆ ಕಾಣುತ್ತದೆ. ಗನ್ನಿನ ಮೇಲಿನ ಗುರಿಗಾಜಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಚುಕ್ಕೆ ಚುಕ್ಕೆಯ ಸ್ಟ್ರಿಪ್ ಬಳಸುವುದಾದರೆ ಒಂದು ಅಂದಾಜು ನೆನಪಿಡಿ: ಎರಡು ಎಲ್‌ಇಡಿಗಳ ನಡುವೆ ಎಷ್ಟು ಅಂತರವೋ, ಪರದೆ ಕನಿಷ್ಠ ಅಷ್ಟಾದರೂ ದೂರ ಇರಬೇಕು. ಮೀಟರಿಗೆ 60 ಇದ್ದರೆ ಸುಮಾರು 17 ಮಿ.ಮೀ., 144 ಇದ್ದರೆ 7 ಮಿ.ಮೀ. ಗನ್ ತೆಳ್ಳಗಿದ್ದರೆ ಒತ್ತೊತ್ತಾದ ಸ್ಟ್ರಿಪ್ಪೇ ಬೇಕಾಗುವುದು ಇದಕ್ಕೆ.

ಬೇಡದ ಕಡೆ ಬೆಳಕು ಸೋರುವುದು ಇನ್ನೊಂದು ಕಾಟ. ತೆಳು ಥ್ರೀಡಿ ಪ್ರಿಂಟಿನ ಗೋಡೆ, ಬಿಳಿ ಪಿವಿಸಿ ಪೈಪು ಇವೆಲ್ಲ ಒಳಗಿನ ಬೆಳಕಿಗೆ ಲಾಟೀನಿನ ಗಾಜಾಗಿಬಿಡುತ್ತವೆ. ಒಳಗಡೆ ಮೊದಲು ಕಪ್ಪು ಬಣ್ಣ, ಅದು ಒಣಗಿದ ಮೇಲೆ ಬಿಳಿ ಬಣ್ಣ ಬಳಿಯಿರಿ. ಕಪ್ಪು ಬೆಳಕನ್ನು ತಡೆಯುತ್ತದೆ, ಬಿಳಿ ಅದನ್ನು ವಾಪಸ್ ಕಿಂಡಿಯ ಕಡೆ ಕಳಿಸುತ್ತದೆ. ಅಲ್ಯೂಮಿನಿಯಂ ಟೇಪ್ ಅಂಟಿಸುವವರು ನೆನಪಿಡಿ, ಅದು ಲೋಹ, ಬೆಸುಗೆಗೆ ತಾಗಿದರೆ ಶಾರ್ಟ್.

ಬ್ಯಾಟರಿ, ಸ್ವಿಚ್

ಐದು ಎಲ್‌ಇಡಿ, ತಲಾ 20 ಮಿಲಿಆಂಪ್, ಒಟ್ಟು 100. ಒಳ್ಳೆಯ ಆಲ್ಕಲೈನ್ ಪೆನ್ಸಿಲ್ ಸೆಲ್‌ನಲ್ಲಿ ಸುಮಾರು 2000 ಮಿಲಿಆಂಪ್-ಅವರ್ ಇರುತ್ತದೆ, ಅಂದರೆ ಸುಮಾರು 20 ಗಂಟೆ. ಚೌಕದ 9 ವೋಲ್ಟ್ ಬ್ಯಾಟರಿಯಲ್ಲಿ ಇರುವುದು ಸುಮಾರು 500. ನೋಡಲು ದಪ್ಪಗಿದ್ದರೂ ಅದರ ಹೊಟ್ಟೆ ಚಿಕ್ಕದು. ಜಾಗ ಹೊಂದಿದರೆ ಪೆನ್ಸಿಲ್ ಸೆಲ್‌ಗೇ ನನ್ನ ಮತ. ಪವರ್ ಬ್ಯಾಂಕ್ ಹಿಡಿಯಲ್ಲಿ ಅಡಗಿಸುವುದಾದರೆ ಮೊದಲೇ ಪರೀಕ್ಷಿಸಿ, ಎಳೆಯುವ ಕರೆಂಟ್ ತೀರ ಕಡಿಮೆ ಆದರೆ ಕೆಲವು ತಾವಾಗಿಯೇ ಆಫ್ ಆಗುತ್ತವೆ. ಬಿಡಿ ಲಿಥಿಯಂ ಪಾಲಿಮರ್ ಬ್ಯಾಟರಿ ಹಗುರ, ಜೋರು, ಆದರೆ ಚುಚ್ಚಿದರೆ, ಜಜ್ಜಿದರೆ ಬೆಂಕಿ. ಬೀಳುವ, ಬಡಿಯುವ ಗನ್ನಿಗೆ ಅದನ್ನು ಹಾಕುವುದಾದರೆ ಗಟ್ಟಿ ಡಬ್ಬಿಯೊಳಗೆ ಇಡಿ.

ಟ್ರಿಗರಿಗೆ ಒತ್ತಿದಾಗ ಮಾತ್ರ ಉರಿಯುವ ಮೈಕ್ರೋ ಸ್ವಿಚ್, ಅದಲ್ಲದೆ ಇಡೀ ಗನ್ನಿಗೆ ಒಂದು ಮೇನ್ ಸ್ವಿಚ್. ಸಣ್ಣ ಎಳೆಗಳನ್ನು ಹೊಸೆದು ಮಾಡಿದ ವೈರನ್ನೇ ಬಳಸಿ, ಒಂಟಿ ತಂತಿಯದು ಬಗ್ಗಿ ಬಗ್ಗಿ ಮುರಿಯುತ್ತದೆ. ಸೆಲ್‌ನ ಮುಚ್ಚಳಕ್ಕೆ ಎರಡು ಅಯಸ್ಕಾಂತ ಸಾಕು, ಮಕ್ಕಳ ಗನ್ನಿನಲ್ಲಿ ಬಟನ್ ಸೆಲ್ ಇದ್ದರೆ ಮಾತ್ರ ಮೇಲೆ ಹೇಳಿದ ಹಾಗೆ ಸ್ಕ್ರೂನೇ ಬೇಕು.

ಹಾಗಾದರೆ ನಿಮಗೆ ಯಾವುದು

ಮೊದಲ ಗನ್, ಕೈಯಲ್ಲಿ ದುಡ್ಡು ಕಡಿಮೆ: ಸಾದಾ ಎಲ್‌ಇಡಿ, ಒಂದು ಫ್ಲಿಕರ್, ಗ್ಲೂ ಕಡ್ಡಿ. ಸೋಲ್ಡರ್ ಮುಟ್ಟುವುದಿಲ್ಲ, ಬೇಗ ಮುಗಿಯಬೇಕು: ಸೀರಿಯಲ್ ಲೈಟು, ಮುಂದೆ ಬಟರ್ ಪೇಪರ್. ಬೆಳಕಿರುವ ಹಾಲ್‌ನಲ್ಲಿ ದಿನವಿಡೀ ಹಿಡಿದು ಓಡಾಡಬೇಕು, ಸ್ಪಷ್ಟ ಗೆರೆ ಬೇಕು: 5 ವೋಲ್ಟಿನ ಸಿಒಬಿ. ಕತ್ತಲೆಯ ನಾಟಕ, ನೃತ್ಯ: ಇಎಲ್ ವೈರ್. ಸಮಯ ಇದೆ, ಕಲಿಯುವ ಹುಮ್ಮಸ್ಸಿದೆ, ಒಂದೇ ಗನ್ನನ್ನು ವರ್ಷಗಟ್ಟಲೆ ಬಳಸುತ್ತೀರಿ: ಪಿಕ್ಸೆಲ್. ಎರಡು ಸೇರಿಸಿದರೂ ತಪ್ಪಿಲ್ಲ. ನಳಿಕೆಯಲ್ಲಿ ಮಾತ್ರ ಹತ್ತು ಪಿಕ್ಸೆಲ್, ಉಳಿದದ್ದಕ್ಕೆಲ್ಲ ಸಾದಾ ಎಲ್‌ಇಡಿ ಅನ್ನುವ ಜೋಡಿ ಖರ್ಚಿನಲ್ಲೂ ಕೆಲಸದಲ್ಲೂ ಹದವಾಗಿರುತ್ತದೆ.

ಯಾವುದನ್ನು ಆರಿಸಿದರೂ ಲೇಸರ್ ಹಾಕಬೇಡಿ, ಎದುರಿನವರ ಕಣ್ಣಿಗೆ ಅಪಾಯ. ಸೆಕೆಂಡಿಗೆ 3ರಿಂದ 30 ಸಲ ಪಟಪಟ ಮಿನುಗುವ ಬೆಳಕು ಕೆಲವರಿಗೆ ಅಪಸ್ಮಾರ ತರಿಸಬಲ್ಲದು, ಹಾಗಾಗಿ ಜನರ ಮಧ್ಯೆ ಹೋಗುವ ಗನ್ನಿನಲ್ಲಿ ಬೆಳಕು ನಿಧಾನಕ್ಕೆ ಏರಿಳಿಯುವ ಹಾಗೆ ಇಡಿ. ದೂರದಿಂದ ನಿಜವಾದ ಬಂದೂಕಿನ ಹಾಗೆ ಕಾಣುವ ಆಕಾರವಿದ್ದರೆ ರಸ್ತೆಯಲ್ಲಿ ಚೀಲದೊಳಗೇ ಒಯ್ಯಿರಿ, ಕಾರ್ಯಕ್ರಮದ ನಿಯಮವನ್ನೂ ಮೊದಲೇ ಕೇಳಿಕೊಳ್ಳಿ.

ಇನ್ನು ಅಂಟು ಹಾಕಿ ಮುಚ್ಚುವ ಮುಂಚೆ ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡು ಒಂದು ಗಂಟೆ ಉರಿಸಿ. ಬಿಸಿಯಾಗುತ್ತದೆಯೇ ಮುಟ್ಟಿ ನೋಡಿ, ವೈರುಗಳನ್ನು ಅಲ್ಲಾಡಿಸಿ, ರೂಮಿನ ಲೈಟ್ ಆರಿಸಿ ಎಲ್ಲಿ ಸೋರುತ್ತಿದೆ ಅಂತ ಪೆನ್ಸಿಲಿನಲ್ಲಿ ಗುರುತು ಮಾಡಿ. ಕೆಲಸ ಮುಗಿದು ಗನ್ನನ್ನು ತಿಂಗಳುಗಟ್ಟಲೆ ಎತ್ತಿಡುವಾಗ ಸೆಲ್ ತೆಗೆದಿಡಿ, ಆಲ್ಕಲೈನ್ ಸೆಲ್ ಸೋರಿದರೆ ಮೊದಲು ತುಕ್ಕು ಹಿಡಿಯುವುದು ಡಬ್ಬಿಯ ಸ್ಪ್ರಿಂಗ್.